ಮರಳುತೊಟ್ಟಿಯನ್ನು ತೊರೆದ ಬೆಕ್ಕು

ಮನೆಯೊಳಗೇ ಬೆಳೆದು, ತನಗೆಂದು ಇರಿಸಿದ ಮರಳುತೊಟ್ಟಿಯಲ್ಲಿಯೇ ವರ್ಷಗಳಿಂದ ಮಲಮೂತ್ರಗಳನ್ನು ವಿಸರ್ಜಿಸುತ್ತಿದ್ದ ಬೆಕ್ಕು ಒಂದು ದಿನ ಇದ್ದಕ್ಕಿದ್ದಂತೆ ಆ ತೊಟ್ಟಿಯನ್ನು ಬಿಟ್ಟು, ಹಾಸಿಗೆಯ ಮೇಲೋ, ಒಗೆದು ಮಡಿಸಿದ ಬಟ್ಟೆಯ ರಾಶಿಯ ಮೇಲೋ, ಬಚ್ಚಲಿನ ಮೂಲೆಯಲ್ಲೋ ಹೊಲಸು ಮಾಡತೊಡಗಿದರೆ ಗೃಹಸ್ಥನಾದವನು ಏನು ಮಾಡತಕ್ಕದ್ದು? ವಾಚಕರಲ್ಲಿ ಕೆಲವರಿಗೆ ಈ ಪ್ರಶ್ನೆಯು ಕ್ಷುಲ್ಲಕವಾಗಿ ತೋರಬಹುದು. ಹಿಂದೆ ಹೆಂಚಿನ ಮನೆಗಳಲ್ಲಿ ಬೆಕ್ಕು ಹಿತ್ತಲಿಗೆ ಹೋಗಿ, ಮಣ್ಣು ಕೆದರಿ, ತನ್ನ ಕೆಲಸವನ್ನು ತಾನೇ ಮುಗಿಸಿಕೊಂಡು ಬರುತ್ತಿದ್ದಿತು. ಅದರ ಶೌಚದ ವಿಚಾರವನ್ನು ಯಾರೂ ಚಿಂತಿಸಬೇಕಾಗಿರಲಿಲ್ಲ. ಈಗಲಾದರೋ ಬೆಂಗಳೂರಿನಂಥ ಪಟ್ಟಣಗಳಲ್ಲಿ ಅನೇಕ ಕುಟುಂಬಗಳು ಮೂರನೆಯ ಅಂತಸ್ತಿನಲ್ಲೋ ಹತ್ತನೆಯ ಅಂತಸ್ತಿನಲ್ಲೋ ವಾಸಮಾಡುತ್ತಿರುವುದರಿಂದ ಹಿತ್ತಲೂ ಇಲ್ಲ, ಮಣ್ಣೂ ಇಲ್ಲ. ಬೆಕ್ಕಿನ ಪಾಲಿಗೆ ಆ ಒಂದು ತೊಟ್ಟಿಯೇ ಹಿತ್ತಲು. ಅದನ್ನು ಅದು ತೊರೆದಾಗ ಮನೆಯವರೆಲ್ಲರ ನೆಮ್ಮದಿಯೂ ಕೆಡುವುದು.

ಇಂಥ ಸಂದರ್ಭದಲ್ಲಿ ಸಾಧಾರಣವಾಗಿ ನಡೆಯುವುದೇನು? ಮೊದಲನೆಯ ದಿನ ಗದರಿಕೆ. ಎರಡನೆಯ ದಿನ ಪೊರಕೆಯ ಪೆಟ್ಟು. ಮೂರನೆಯ ದಿನ ಅದರ ಮೂಗನ್ನು ಹೊಲಸಿಗೆ ತಿಕ್ಕುವುದು. ವಾರ ಕಳೆಯುವುದರೊಳಗಾಗಿ ‘ಇದಕ್ಕೆ ಕೊಬ್ಬು ಹೆಚ್ಚಿತು, ಹಗೆ ಸಾಧಿಸುತ್ತಿದೆ’ ಎಂಬ ತೀರ್ಪು. ಕಡೆಗೆ ಗೋಣಿಚೀಲದಲ್ಲಿ ಕಟ್ಟಿ ಊರಾಚೆ ಬಿಟ್ಟುಬರುವ ಆಲೋಚನೆ. ಮನೆಯ ಅನ್ನವನ್ನೇ ನಂಬಿ ಬದುಕಿದ ಪ್ರಾಣಿಯನ್ನು ಹೀಗೆ ಹಸಿವು ಬಾಯಾರಿಕೆಗಳಿಗೆ ಒಪ್ಪಿಸಿ ಬರುವುದು ಧರ್ಮಕ್ಕೆ ವಿರುದ್ಧವಾದುದು ಮಾತ್ರವಲ್ಲದೆ, 1960ರ ಪ್ರಾಣಿಹಿಂಸಾ ನಿವಾರಣಾ ಶಾಸನದ ಮೇರೆಗೆ ದಂಡನೆಗೆ ಗುರಿಯಾದ ಅಪರಾಧವೂ ಆಗಿರುವುದು. ಆದರೆ ಕಾನೂನಿನ ಭಯಕ್ಕಿಂತಲೂ ಮುಖ್ಯವಾದ ಮಾತೊಂದುಂಟು. ಬೆಕ್ಕು ತೊಟ್ಟಿಯನ್ನು ಬಿಡುವುದೆಂಬುದು ಒಂದು ಲಕ್ಷಣ. ಲಕ್ಷಣವನ್ನು ಹೊಡೆದು ಓಡಿಸಲಾಗದು. ಅದರ ಕಾರಣವನ್ನು ಹುಡುಕಬೇಕು. ಆ ಹುಡುಕಾಟಕ್ಕೆ ಕ್ರಮವೂ ಇರುವುದು: ಮೊದಲು ದೇಹ, ಆಮೇಲೆ ತೊಟ್ಟಿ, ಕಡೆಗೆ ಮನಸ್ಸು. ಈ ಕ್ರಮವನ್ನು ತಪ್ಪಿಸಿದರೆ ಕೆಲವು ವೇಳೆ ಪ್ರಾಣಕ್ಕೇ ಅಪಾಯ.

ಮೊದಲು ಬೆಕ್ಕಿನ ಸ್ವಭಾವವನ್ನು ಅರಿಯೋಣ. ಅಮರಕೋಶದಲ್ಲಿ ಈ ಪ್ರಾಣಿಗೆ ಹೇಳಿರುವ ಹೆಸರುಗಳಲ್ಲಿ ‘ಮಾರ್ಜಾರ’ ಎಂಬುದೂ ಒಂದು. ಒರೆಸು, ಶುದ್ಧಗೊಳಿಸು ಎಂಬ ಅರ್ಥವುಳ್ಳ ‘ಮೃಜ್’ ಧಾತುವಿನಿಂದ ಈ ಶಬ್ದವು ಹುಟ್ಟಿತು. ‘ಮಾರ್ಜನ’ ಎಂಬ ಪದಕ್ಕೂ ಅದೇ ಮೂಲ. ತನ್ನನ್ನು ತಾನು ನೆಕ್ಕಿ ಶುಚಿಮಾಡಿಕೊಳ್ಳುವ ಪ್ರಾಣಿ ಎಂಬುದನ್ನು ಹೆಸರಿಟ್ಟವರು ಕಣ್ಣಾರೆ ಕಂಡೇ ಇಟ್ಟರು. ಆಫ್ರಿಕ ಮತ್ತು ಪಶ್ಚಿಮ ಏಷ್ಯಗಳ ಒಣನೆಲದ ಕಾಡುಬೆಕ್ಕೇ ಮನೆಬೆಕ್ಕಿನ ಮೂಲಪುರುಷನೆಂದು 2007ರಲ್ಲಿ ಪ್ರಕಟವಾದ ಆನುವಂಶಿಕ ಸಂಶೋಧನೆಯಿಂದ ತಿಳಿದುಬಂದಿದೆ. ಸೈಪ್ರಸ್ ದ್ವೀಪದಲ್ಲಿ ಸುಮಾರು 9500 ವರ್ಷಗಳ ಹಿಂದಿನ ಮನುಷ್ಯನ ಸಮಾಧಿಯ ಬಳಿಯಲ್ಲಿಯೇ ಹೂಳಿದ್ದ ಬೆಕ್ಕಿನ ಅಸ್ಥಿಗಳು ದೊರೆತ ಸಂಗತಿಯು 2004ರಲ್ಲಿ ಪ್ರಕಟವಾಯಿತು. ಸಡಿಲವಾದ ನೆಲವನ್ನು ಕೆದರಿ, ವಿಸರ್ಜಿಸಿ, ಮುಚ್ಚುವ ಅಭ್ಯಾಸವು ಅದಕ್ಕೆ ನಾವು ಕಲಿಸಿದ್ದಲ್ಲ, ಹುಟ್ಟಿನಿಂದ ಬಂದದ್ದು. ಹುಟ್ಟುಗುಣವನ್ನೇ ಒಂದು ಪ್ರಾಣಿಯು ಬಿಟ್ಟಿತೆಂದರೆ ಅದನ್ನು ಬಿಡಿಸುವಷ್ಟು ಬಲವಾದ ಕಾರಣವು ಇರಲೇಬೇಕು. ಪಾಠಶಾಲೆಯಲ್ಲಿ ಚೆನ್ನಾಗಿ ಓದುತ್ತಿದ್ದ ಹುಡುಗನು ಹಠಾತ್ತನೆ ತಪ್ಪು ತಪ್ಪಾಗಿ ಬರೆಯತೊಡಗಿದರೆ, ಕಿವಿ ಹಿಂಡುವುದಕ್ಕೆ ಮುಂಚೆ ಅವನಿಗೆ ಕರಿಹಲಗೆ ಕಾಣುವುದೋ ಇಲ್ಲವೋ ಎಂದು ನೋಡುವುದು ಉಪಾಧ್ಯಾಯನ ಕರ್ತವ್ಯ. ಇಲ್ಲಿಯೂ ಅದೇ ನ್ಯಾಯ.

ಇನ್ನು ದೇಹದ ವಿಚಾರ. ಗೃಹಸ್ಥರು ಎಲ್ಲಕ್ಕಿಂತ ಮುಂಚೆ ತಿಳಿದಿರಬೇಕಾದುದು ಗಂಡುಬೆಕ್ಕಿನ ಮೂತ್ರಬಂಧ. ಗಂಡುಬೆಕ್ಕಿನ ಮೂತ್ರನಾಳವು ಬಹಳ ಸಪೂರವಾದುದು. ಸಣ್ಣ ಹರಳುಗಳಿಂದಲೋ ಲೋಳೆಯಿಂದಲೋ ಅದು ಮುಚ್ಚಿಹೋದರೆ ಮೂತ್ರವು ಹೊರಬರಲಾರದು. ಆಗ ಬೆಕ್ಕು ಮತ್ತೆ ಮತ್ತೆ ತೊಟ್ಟಿಗೆ ಹೋಗಿ ಕುಳಿತು ತಿಣುಕುವುದು, ಬಚ್ಚಲಿನಲ್ಲಿ ಕುಳಿತು ನೋಡುವುದು, ನೋವಿನಿಂದ ಕೂಗುವುದು, ಗುಹ್ಯಸ್ಥಾನವನ್ನು ನೆಕ್ಕುತ್ತಲೇ ಇರುವುದು. ಆದರೆ ಒಂದೆರಡು ತೊಟ್ಟು ಬಂದರೆ ಹೆಚ್ಚು. ಮೂತ್ರವು ಒಳಗೇ ನಿಂತರೆ ರಕ್ತದಲ್ಲಿ ಪೊಟ್ಯಾಸಿಯಂ ಎಂಬ ಲವಣಾಂಶವು ಏರಿ ಹೃದಯದ ಗತಿಯು ಕೆಡುವುದು. ಒಂದೆರಡು ದಿನಗಳಲ್ಲಿಯೇ ಮರಣವು ಸಂಭವಿಸಬಹುದು. ಆದಕಾರಣ ಬೆಕ್ಕು ತಿಣುಕುತ್ತಿದ್ದು ಮೂತ್ರವು ಬಾರದಿದ್ದರೆ, ಅದು ರಾತ್ರಿಯಾದರೂ ಸರಿಯೇ, ಬೆಳಗಾಗಲೆಂದು ಕಾಯದೆ ಪಶುವೈದ್ಯರಲ್ಲಿಗೆ ಒಯ್ಯತಕ್ಕದ್ದು.

ನಮ್ಮ ಬೀದಿಯ ಒಂದು ಮನೆಯಲ್ಲಿ ನಾಲ್ಕು ವರ್ಷದ ಗಂಡುಬೆಕ್ಕೊಂದಿರುವುದು. ಅದು ತೊಟ್ಟಿಯನ್ನು ಬಿಟ್ಟು ಚಾಪೆಯ ಮೇಲೆಯೂ ಬಚ್ಚಲಲ್ಲಿಯೂ ಕುಳಿತು ತಿಣುಕುವುದನ್ನು ಕಂಡು ಮನೆಯವರು ಮಲಬದ್ಧತೆಯೆಂದು ಭಾವಿಸಿ ಹರಳೆಣ್ಣೆಯನ್ನು ಹುಡುಕುತ್ತಿದ್ದರು. ಆ ಮನೆಯ ವೃದ್ಧೆಯೊಬ್ಬರು, ‘ಚಾಪೆ ಒದ್ದೆಯಾಗಿಯೇ ಇಲ್ಲವಲ್ಲ! ಬೆಳಗಿನಿಂದ ತೊಟ್ಟಿಯಲ್ಲಿ ಒಂದು ಉಂಡೆಯೂ ಇಲ್ಲ’ ಎಂದರು. ಆ ಒಂದು ಮಾತು ಪ್ರಾಣವನ್ನು ಉಳಿಸಿತು. ಅಂದು ರಾತ್ರಿಯೇ ವೈದ್ಯರು ನಾಳದೊಳಕ್ಕೆ ಕೊಳವೆಯನ್ನು ಸೇರಿಸಿ ಮೂತ್ರವನ್ನು ಹೊರಡಿಸಿದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯಲ್ಲಿ ಸಂಕಟವು ಇಲಿಯದು. ಇಲ್ಲಿ ಅದು ಬೆಕ್ಕಿನದೇ ಆಗಿದ್ದಿತು. ಆರೋಗ್ಯವಾದ ಬೆಕ್ಕು ದಿನಕ್ಕೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ಸಲ ಮೂತ್ರವಿಸರ್ಜನೆ ಮಾಡುವುದು. ತೊಟ್ಟಿಯನ್ನು ಶುಚಿಮಾಡುವಾಗ ಒದ್ದೆ ಉಂಡೆಗಳನ್ನು ಎಣಿಸುವ ಅಭ್ಯಾಸವನ್ನು ಇಟ್ಟುಕೊಂಡವರಿಗೆ ವ್ಯತ್ಯಾಸವು ಬೇಗನೆ ಗೊತ್ತಾಗುವುದು.

ಮೂತ್ರಬಂಧವಲ್ಲದೆ ಬೇರೆ ರೋಗಗಳೂ ಉಂಟು. ಮೂತ್ರಕೋಶದ ಉರಿಯೂತ, ಕಲ್ಲು, ವಯಸ್ಸಾದ ಬೆಕ್ಕುಗಳಲ್ಲಿ ಮಧುಮೇಹ, ಮೂತ್ರಪಿಂಡಗಳ ದೌರ್ಬಲ್ಯ, ಕೀಲುನೋವು ಇವೆಲ್ಲವೂ ತೊಟ್ಟಿಯನ್ನು ಬಿಡಿಸಬಲ್ಲವು. ಕೀಲುನೋವುಳ್ಳ ಮುದಿಬೆಕ್ಕಿಗೆ ಎತ್ತರವಾದ ಅಂಚನ್ನು ದಾಟುವುದೇ ಕಷ್ಟ. ವಿಸರ್ಜಿಸುವಾಗ ನೋವುಂಡ ಬೆಕ್ಕು, ನೋವನ್ನು ಕೊಟ್ಟದ್ದು ತೊಟ್ಟಿಯೇ ಎಂದು ನೆನಪಿಟ್ಟುಕೊಂಡು, ರೋಗವು ವಾಸಿಯಾದ ಮೇಲೆಯೂ ಅತ್ತ ಸುಳಿಯದಿರುವುದುಂಟು. ಇಲ್ಲಿ ಒಂದು ಎಚ್ಚರಿಕೆ: ನೋವಿಗೆಂದು ಮನುಷ್ಯರ ಮಾತ್ರೆಗಳನ್ನು ಬೆಕ್ಕಿಗೆ ಕೊಡಲೇಕೂಡದು. ನಮಗೆ ಜ್ವರ ಬಂದಾಗ ನುಂಗುವ ಪ್ಯಾರಾಸಿಟಮಾಲನ್ನು ಪಚನಗೊಳಿಸುವ ಶಕ್ತಿಯು ಬೆಕ್ಕಿನ ಯಕೃತ್ತಿಗೆ ಇಲ್ಲ. ಒಂದೇ ಮಾತ್ರೆಯಿಂದ ಪ್ರಾಣಹೋಗಬಹುದು.

ದೇಹದಲ್ಲಿ ದೋಷವಿಲ್ಲವೆಂದು ವೈದ್ಯರು ಹೇಳಿದ ಮೇಲೆ ತೊಟ್ಟಿಯನ್ನು ಪರೀಕ್ಷಿಸತಕ್ಕದ್ದು. ಅಂಗಡಿಗಳಲ್ಲಿ ‘ಲಿಟರ್’ ಎಂದು ಮಾರುವ ಹರಳುಮಣ್ಣಿಗೆ ಬಹಳ ಪ್ರಾಚೀನತೆಯಿಲ್ಲ. 1947ರಲ್ಲಿ ಅಮೆರಿಕದ ಮಿಷಿಗನ್ ಪ್ರಾಂತದಲ್ಲಿ ಎಡ್ವರ್ಡ್ ಲೋ ಎಂಬುವನು, ಬೆಕ್ಕಿಗಾಗಿ ಮರಳನ್ನು ಕೇಳಿಬಂದ ನೆರೆಯವಳಿಗೆ ನೀರು ಹೀರುವ ಒಂದು ಬಗೆಯ ಜೇಡಿಮಣ್ಣಿನ ಹರಳುಗಳನ್ನು ಕೊಟ್ಟನು. ಅದು ಮರಳಿಗಿಂತ ಮೇಲೆಂದು ಕಂಡುಬಂದು ದೊಡ್ಡ ವ್ಯಾಪಾರವಾಗಿ ಬೆಳೆಯಿತು. ಆದರೆ ಅಂದಿನಿಂದ ಇಂದಿನವರೆಗೂ ಕೊಳ್ಳುವವರು ಮನುಷ್ಯರು, ಬಳಸುವುದು ಬೆಕ್ಕು. ಆದುದರಿಂದಲೇ ಕೊಳ್ಳುವವರ ಮೂಗಿಗೆ ಹಿತವಾಗಲೆಂದು ಸುಗಂಧ ಬೆರೆಸಿದ ಹರಳುಗಳು ಮಾರಾಟಕ್ಕೆ ಬಂದಿವೆ. ಬೆಕ್ಕಿನ ಘ್ರಾಣೇಂದ್ರಿಯವು ನಮ್ಮದಕ್ಕಿಂತ ಎಷ್ಟೋ ಸೂಕ್ಷ್ಮವಾದುದು. ನಮಗೆ ಮಲ್ಲಿಗೆಯ ಕಂಪು ಅದಕ್ಕೆ ಸಹಿಸಲಾಗದ ಘಾಟು. ಗಂಧವಿಲ್ಲದ, ನುಣುಪಾದ, ಮರಳಿನಂಥ ಸಣ್ಣಹರಳನ್ನೇ ಹೆಚ್ಚಿನ ಬೆಕ್ಕುಗಳು ಮೆಚ್ಚುವುವು. ಹರಳಿನ ಬಗೆಯನ್ನು ಬದಲಿಸಬೇಕಾದರೆ ಹಳೆಯದರೊಡನೆ ಹೊಸದನ್ನು ಸ್ವಲ್ಪಸ್ವಲ್ಪವಾಗಿ ಬೆರೆಸುತ್ತ ಒಂದೆರಡು ವಾರಗಳಲ್ಲಿ ಬದಲಿಸಬೇಕು.

ತೊಟ್ಟಿಯ ಉದ್ದವು, ಮೂಗಿನಿಂದ ಬಾಲದ ಬುಡದವರೆಗಿನ ಬೆಕ್ಕಿನ ಉದ್ದಕ್ಕಿಂತ ಒಂದೂವರೆಯಷ್ಟಾದರೂ ಇರಬೇಕೆಂದು ಬೆಕ್ಕಿನ ವೈದ್ಯರು ಹೇಳುವರು. ಮನೆಯಲ್ಲಿ ಎಷ್ಟು ಬೆಕ್ಕುಗಳಿವೆಯೋ ಅದಕ್ಕಿಂತ ಒಂದು ಹೆಚ್ಚಾಗಿ ತೊಟ್ಟಿಗಳಿರಬೇಕು. ಅವೆಲ್ಲವನ್ನೂ ಸಾಲಾಗಿ ಒಂದೇ ಕಡೆ ಇಟ್ಟರೆ ಬೆಕ್ಕಿಗೆ ಅದು ಒಂದೇ ತೊಟ್ಟಿಯ ಸಮಾನ. ಅನ್ನದ ತಟ್ಟೆಯ ಪಕ್ಕದಲ್ಲಿಯೂ, ಗುಡುಗುಟ್ಟುವ ಬಟ್ಟೆ ಒಗೆಯುವ ಯಂತ್ರದ ಬಳಿಯಲ್ಲಿಯೂ, ಜನ ಓಡಾಡುವ ದಾರಿಯಲ್ಲಿಯೂ ತೊಟ್ಟಿಯನ್ನು ಇಡಬಾರದು. ಮಲಮೂತ್ರಗಳನ್ನು ದಿನಕ್ಕೆ ಒಮ್ಮೆಯಾದರೂ, ಸಾಧ್ಯವಾದರೆ ಎರಡಾವರ್ತಿ ತೆಗೆಯಬೇಕು. ನಾವು ಹೊಕ್ಕು ಮೂಗು ಮುಚ್ಚಿಕೊಂಡು ಹೊರಬರುವಂಥ ಶೌಚಗೃಹವನ್ನು ಬೆಕ್ಕು ಬಳಸಲೆಂದು ಅಪೇಕ್ಷಿಸುವುದು ನ್ಯಾಯವಲ್ಲ. ಗರ್ಭಿಣಿಯರಿರುವ ಮನೆಯಲ್ಲಿ ಈ ಕೆಲಸವನ್ನು ಬೇರೆಯವರು ಪ್ರತಿದಿನವೂ ಮಾಡತಕ್ಕದ್ದು. ಬೆಕ್ಕಿನ ಮಲದಲ್ಲಿ ಕೆಲವು ವೇಳೆ ಇರುವ ಟಾಕ್ಸೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯು ಹೊರಬಿದ್ದು ಒಂದರಿಂದ ಐದು ದಿನಗಳಾದ ಮೇಲೆ ಸೋಂಕುವ ಶಕ್ತಿಯನ್ನು ಪಡೆಯುವುದು. ಆದಕಾರಣ ದಿನವೂ ಶುಚಿಮಾಡಿದಲ್ಲಿ ಭಯವು ಬಹಳ ಮಟ್ಟಿಗೆ ತಗ್ಗುವುದು. ಇದಕ್ಕಾಗಿ ಬೆಕ್ಕನ್ನು ಮನೆಯಿಂದ ಹೊರಡಿಸಬೇಕಾದ್ದಿಲ್ಲ.

ಮೂರನೆಯದು ಮನಸ್ಸು. ಬೆಕ್ಕು ರೂಢಿಗೆ ಅಂಟಿಕೊಂಡ ಪ್ರಾಣಿ. ಹೊಸ ಮನೆ, ಹೊಸ ಕೂಸು, ಹಬ್ಬಕ್ಕೆ ಬಂದ ನೆಂಟರ ಗದ್ದಲ, ಮತ್ತೊಂದು ಬೆಕ್ಕಿನ ಆಗಮನ, ಕಿಟಕಿಯಾಚೆ ಸುಳಿಯುವ ಬೀದಿಬೆಕ್ಕು, ಇವುಗಳಿಂದ ಅದು ಕಂಗೆಡುವುದು. ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದ ಟೋನಿ ಬಫಿಂಗ್ಟನ್ ಎಂಬ ಪಶುವೈದ್ಯ ವಿದ್ವಾಂಸರು, ರೋಗಾಣುವಾಗಲಿ ಕಲ್ಲಾಗಲಿ ಸಿಕ್ಕದಿರುವ ಮೂತ್ರಕೋಶದ ಉರಿಯೂತವನ್ನು ಬಹುಕಾಲ ಅಭ್ಯಸಿಸಿ, ಮನಃಕ್ಷೋಭೆಗೂ ಅದಕ್ಕೂ ಸಂಬಂಧವಿರುವುದನ್ನು ತೋರಿಸಿಕೊಟ್ಟರು. ಅಡಗಲು ಒಂದು ಮೂಲೆ, ಏರಿ ಕೂರಲು ಎತ್ತರದ ಸ್ಥಳ, ನಿಯತಕಾಲಕ್ಕೆ ಆಹಾರ, ದಿನಕ್ಕಿಷ್ಟು ಆಟ, ಇವಿಷ್ಟರಿಂದಲೇ ಎಷ್ಟೋ ಬೆಕ್ಕುಗಳ ಬಾಧೆಯು ಕಡಮೆಯಾಗುವುದು. ಮನಸ್ಸಿನ ತೊಂದರೆಯು ದೇಹಕ್ಕೆ ಇಳಿಯುವುದು ಮನುಷ್ಯರಲ್ಲಿ ಮಾತ್ರವಲ್ಲ. ಹೀಗಿರಲಾಗಿ ಪೊರಕೆಯ ಪೆಟ್ಟು ಏನು ಮಾಡೀತು? ಭಯವು ಹೆಚ್ಚುವುದು, ಭಯದಿಂದ ರೋಗವು ಹೆಚ್ಚುವುದು, ರೋಗದಿಂದ ಹೊಲಸು ಹೆಚ್ಚುವುದು. ಆದರೆ ನಿಂತುಕೊಂಡೇ ಬಾಲವನ್ನು ನಡುಗಿಸುತ್ತ ಗೋಡೆಗೆ ಮೂತ್ರವನ್ನು ಸಿಂಪಡಿಸುವುದು ಬೇರೆ ಮಾತು. ಅದು ತನ್ನ ಎಲ್ಲೆಯನ್ನು ಗುರುತಿಸುವ ಕ್ರಿಯೆ. ಸಂತಾನಹರಣ ಶಸ್ತ್ರಕ್ರಿಯೆಯಿಂದ ಹೆಚ್ಚಿನ ಗಂಡುಬೆಕ್ಕುಗಳಲ್ಲಿ ಅದು ನಿಲ್ಲುವುದು ಅಥವಾ ಬಹುವಾಗಿ ತಗ್ಗುವುದು.

ಹೊಲಸಾದ ಸ್ಥಳವನ್ನು ತೊಳೆಯುವ ಬಗೆಯನ್ನೂ ಗೃಹಿಣಿಯರು ಲಕ್ಷ್ಯಕ್ಕೆ ತಂದುಕೊಳ್ಳಬೇಕು. ವಾಸನೆಯು ಉಳಿದಲ್ಲಿಗೇ ಬೆಕ್ಕು ಮರಳಿ ಬರುವುದು. ಅಮೋನಿಯಾ ಬೆರೆಸಿದ ದ್ರವಗಳು ಅದಕ್ಕೆ ಮೂತ್ರದ ವಾಸನೆಯನ್ನೇ ನೆನಪಿಗೆ ತರುವುವು. ನಮ್ಮ ಮನೆಗಳಲ್ಲಿ ರೂಢಿಯಲ್ಲಿರುವ ಫಿನಾಯಿಲ್ ಇನ್ನೂ ಕೆಟ್ಟದ್ದು. ಅದನ್ನು ಬಳಿದ ನೆಲದ ಮೇಲೆ ನಡೆದ ಬೆಕ್ಕು ಆ ಕಾಲುಗಳನ್ನೇ ನೆಕ್ಕಿಕೊಳ್ಳುವುದರಿಂದ ವಿಷವು ಒಳಸೇರುವುದು. ಮೊದಲು ಒತ್ತಿ ಒರೆಸಿ, ನೀರಿನಿಂದ ತೊಳೆದು, ಆ ಬಳಿಕ ಕಿಣ್ವಗಳುಳ್ಳ ಶೋಧಕ ದ್ರವವನ್ನು ಹಾಕಿ ಕೆಲಹೊತ್ತು ಬಿಟ್ಟು ಒಣಗಿಸುವುದು ಉತ್ತಮ.

ಕಾರಣವನ್ನು ಗೊತ್ತುಮಾಡುವುದಕ್ಕೆ ನಮ್ಮ ತರ್ಕಶಾಸ್ತ್ರದ ಅನ್ವಯವ್ಯತಿರೇಕಗಳೇ ಸಾಕು. ಯಾವುದು ಇದ್ದಾಗ ತೊಂದರೆಯು ಇರುವುದೋ, ಯಾವುದನ್ನು ತೆಗೆದಾಗ ತೊಂದರೆಯು ತಗ್ಗುವುದೋ ಅದೇ ಕಾರಣ. ಆದುದರಿಂದ ಎಲ್ಲವನ್ನೂ ಒಂದೇ ದಿನ ಬದಲಿಸದೆ, ಒಂದೊಂದನ್ನೇ ಬದಲಿಸಿ ಕೆಲವು ದಿನ ನೋಡತಕ್ಕದ್ದು. ಎರಡು ತೊಟ್ಟಿಗಳಲ್ಲಿ ಎರಡು ಬಗೆಯ ಹರಳನ್ನು ಇಟ್ಟು ಬೆಕ್ಕಿನ ಇಷ್ಟವನ್ನು ಅದನ್ನೇ ಕೇಳಬಹುದು. ಎಲ್ಲಿ, ಎಷ್ಟು ಹೊತ್ತಿಗೆ, ಎಷ್ಟು ಮೂತ್ರ, ಅಂದು ಮನೆಯಲ್ಲಿ ಏನು ನಡೆಯಿತು, ಇದನ್ನು ಲೆಕ್ಕದ ಪುಸ್ತಕದ ಒಂದು ಹಾಳೆಯಲ್ಲಿ ಬರೆದಿಟ್ಟರೆ ವೈದ್ಯರಿಗೂ ಅದರಿಂದ ಮಹೋಪಕಾರ.

ಮಾತಿಲ್ಲದ ಪ್ರಾಣಿಯು ತನ್ನ ನೋವನ್ನು ತಿಳಿಸುವುದಕ್ಕೆ ಬೇರೆ ದಾರಿಯಿಲ್ಲದೆ ನಮ್ಮ ಹಾಸಿಗೆಯ ಮೇಲೆ ಬರೆದಿಡುವುದು. ಆ ಬರೆಹವು ಹೇಸಿಗೆಯಾದುದು ನಿಜ, ಆದರೂ ಓದತಕ್ಕದ್ದು. ಗೋಣಿಚೀಲವನ್ನು ಹುಡುಕುವವರು ಅದಕ್ಕೆ ಮುಂಚೆ ಒಮ್ಮೆ ತೊಟ್ಟಿಯ ಮರಳನ್ನು ಕೆದಕಿ, ಅದು ಒದ್ದೆಯಾಗಿದೆಯೋ ಒಣಗಿದೆಯೋ ಎಂದು ನೋಡಲಿ. ಒಣಗಿದ್ದು ಬೆಕ್ಕು ತಿಣುಕುತ್ತಿದ್ದರೆ, ಚೀಲವನ್ನು ಕೆಳಗಿಟ್ಟು ವೈದ್ಯರ ಮನೆಗೆ ಹೊರಡಲಿ.