ಹುಡುಕಿದ್ದು ಸಾಕು, ಕಲಿಸಿ

2020ರ ಫೆಬ್ರುವರಿಯಲ್ಲಿ ದೆಹಲಿಗೆ ಇದ್ದಕ್ಕಿದ್ದಂತೆ ನಮ್ಮ ಕಂಬಳದ ಗದ್ದೆ ಕಾಣಿಸಿತು. ಐಕಳ ಕಂಬಳದಲ್ಲಿ ಮೂಡುಬಿದಿರೆ ಕಡೆಯ ಶ್ರೀನಿವಾಸ ಗೌಡರು 142.5 ಮೀಟರ್ ಉದ್ದದ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿ ಮುಗಿಸಿದ್ದರು. ಯಾರೋ ಕ್ಯಾಲ್ಕುಲೇಟರ್ ಹಿಡಿದು ಭಾಗಿಸಿದರು. ನೂರು ಮೀಟರಿಗೆ 9.55 ಸೆಕೆಂಡ್ ಬಂತು. ಉಸೇನ್ ಬೋಲ್ಟ್ ಅವರ ವಿಶ್ವದಾಖಲೆ 9.58. ಅಷ್ಟು ಸಾಕಾಯಿತು. ವಿಡಿಯೋ ವೈರಲ್ ಆಯಿತು, ಆಗಿನ ಕ್ರೀಡಾ ಸಚಿವ ಕಿರಣ್ ರಿಜಿಜು ಟ್ವೀಟ್ ಮಾಡಿದರು, ಕ್ರೀಡಾ ಪ್ರಾಧಿಕಾರದ ಟ್ರಯಲ್ಸ್‌ಗೆ ಕರೆ ಬಂತು.

ಹಗ್ಗದ ಆ ತುದಿಯಲ್ಲಿ ಎರಡು ಕೋಣಗಳು ಎಳೆಯುತ್ತಿದ್ದವು ಎನ್ನುವುದನ್ನು ಆ ಭಾಗಾಕಾರ ಮರೆತಿತ್ತು. ಮರೆಯದೇ ಇದ್ದವರು ಗೌಡರು ಮಾತ್ರ. ಕಂಬಳದಲ್ಲಿ ಹಿಮ್ಮಡಿ ಊರಿ ಓಡುತ್ತೇವೆ, ಟ್ರ್ಯಾಕಿನಲ್ಲಿ ತುದಿಗಾಲಲ್ಲಿ ಓಡಬೇಕು, ಎರಡೂ ಬೇರೆ ಎಂದು ಹೇಳಿ ಅವರು ಟ್ರಯಲ್ಸ್‌ಗೆ ಹೋಗಲಿಲ್ಲ. ಆ ಇಡೀ ಗದ್ದಲದಲ್ಲಿ ತರಬೇತಿ ಎಂದರೇನು ಎಂದು ಗೊತ್ತಿದ್ದ ಮಾತು ಅದೊಂದೇ. ದೇಹ ತಾನು ಮಾಡಿದ ಕೆಲಸಕ್ಕೆ ತಕ್ಕಂತೆ ಪಳಗುತ್ತದೆ. ವರ್ಷಗಟ್ಟಲೆ ಕೆಸರಿನಲ್ಲಿ, ಕೋಣಗಳ ಹಿಂದೆ ಪಳಗಿದ ಕಾಲನ್ನು ಸ್ಪೈಕ್ಸ್ ಹಾಕಿಸಿ ನಿಲ್ಲಿಸಿದರೆ ಪದಕ ಬರುತ್ತದೆ ಎಂದು ನಂಬುವುದು ಕ್ರೀಡಾನೀತಿಯಲ್ಲ, ಲಾಟರಿ.

ಈ ಲಾಟರಿಯನ್ನು ನಾವು ಮೊದಲೂ ಆಡಿದ್ದೇವೆ. 1980ರ ದಶಕದ ಕೊನೆಯಲ್ಲಿ ಕ್ರೀಡಾ ಪ್ರಾಧಿಕಾರ ತನ್ನ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಉತ್ತರ ಕನ್ನಡದ ಸಿದ್ದಿ ಮಕ್ಕಳನ್ನು ಆರಿಸಿತು. ಕಾರಣ ಸರಳ: ಇವರ ಪೂರ್ವಿಕರು ಆಫ್ರಿಕಾದವರು, ಆಫ್ರಿಕಾದವರು ಒಲಿಂಪಿಕ್ಸ್‌ನಲ್ಲಿ ಗೆಲ್ಲುತ್ತಾರೆ, ಆದ್ದರಿಂದ ಇವರೂ ಗೆಲ್ಲುತ್ತಾರೆ. ಮಕ್ಕಳನ್ನು ಕಾಡಿನ ಊರುಗಳಿಂದ ಹಾಸ್ಟೆಲುಗಳಿಗೆ ತಂದರು. ಅವರಲ್ಲಿ ಕಮಲಾ ಸಿದ್ದಿಯವರಂಥ ಒಳ್ಳೆಯ ಅಥ್ಲೀಟುಗಳು ಹೊರಬಂದರು. ಆದರೆ 90ರ ದಶಕದ ಆರಂಭದಲ್ಲೇ ಸಿದ್ದಿಗಳ ಯೋಜನೆ ನಿಂತಿತು. ಹಲವರು ಊರಿಗೆ, ಕೂಲಿಗೆ ಮರಳಿದರು. ಯೋಜನೆ ನೋಡಿದ್ದು ಒಂದು ತಳಿಯನ್ನು. ಈ ಹುಡುಗಿಗೆ ಯಾವ ಆಟ ಇಷ್ಟ, ಈ ಹುಡುಗನ ಮಂಡಿ ಹೇಗಿದೆ ಎಂಬ ಪ್ರಶ್ನೆಗಳು ಅದರ ತರ್ಕದಲ್ಲೇ ಇರಲಿಲ್ಲ.

ಇತ್ತ ಬೆಂಗಳೂರಿನ ಹೊಸ ಬಡಾವಣೆಗಳಿಗೆ ಬನ್ನಿ. 'ನಿಮ್ಮ ಮಗುವಿಗೆಂದೇ ರೂಪಿಸಿದ ತರಬೇತಿ' ಎಂಬ ಬೋರ್ಡುಗಳು. ಆರಂಭಿಕರಿಂದ ವೃತ್ತಿಪರರವರೆಗೆ, ಎಲ್ಲ ಹಂತದವರಿಗೂ. ಎದೆಗೆ ಕಟ್ಟುವ ಪಟ್ಟಿ, ಸಾಕ್ಸಿನಲ್ಲಿ ಸೆನ್ಸರ್, ತಿಂಗಳ ಕೊನೆಗೆ ಬಣ್ಣಬಣ್ಣದ ರಿಪೋರ್ಟು. ಅಲ್ಲಿ ಒಳ್ಳೆಯ ಕೋಚುಗಳಿಲ್ಲ ಎನ್ನುತ್ತಿಲ್ಲ. ನನ್ನ ತಕರಾರು ಬೇರೆ. ದುಡ್ಡಿದ್ದ ಮನೆಯ ಮಗು ಅಲ್ಲಿ ಒಬ್ಬ ವ್ಯಕ್ತಿ. ಅದರ ನಿದ್ದೆ, ಊಟ, ಪರೀಕ್ಷೆಯ ಭಯ ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಯಲ್ಲಾಪುರದ ಮಗು ಮಾತ್ರ ಒಂದು ಸಮುದಾಯದ ಸ್ನಾಯು, ಪ್ರತಿಭಾ ಶೋಧದ ಬಲೆಗೆ ಬೀಳಬೇಕಾದ ಮೀನು. ಒಬ್ಬೊಬ್ಬರಿಗೂ ಅವರವರ ತಾಲೀಮು ಎನ್ನುವುದು ಈಗ ಮಾರಾಟದ ಸರಕಾಗಿರುವುದರಿಂದ ಅದು ಶ್ರೀಮಂತರ ಶೋಕಿ ಎಂದು ನಾವೂ ಒಪ್ಪಿಕೊಂಡುಬಿಟ್ಟಿದ್ದೇವೆ. ಗರಡಿ ಮನೆಯ ಉಸ್ತಾದರು ಇದನ್ನು ಕೇಳಿದ್ದರೆ ನಗುತ್ತಿದ್ದರು. ಹೊಸದಾಗಿ ಬಂದ ಹುಡುಗನಿಗೂ ಜೋಡಿ ಕುಸ್ತಿಗೆ ಇಳಿಯುವ ಪೈಲ್ವಾನನಿಗೂ ಒಂದೇ ಲೆಕ್ಕದ ಬಸ್ಕಿ ಹೊಡೆಸುವ ಉಸ್ತಾದ್ ಇರಲು ಸಾಧ್ಯವೇ?

ವಿಜ್ಞಾನವೂ ಉಸ್ತಾದರ ಪರವಾಗಿಯೇ ಇದೆ. 1990ರ ದಶಕದಲ್ಲಿ ಅಮೆರಿಕ ಮತ್ತು ಕೆನಡಾದಲ್ಲಿ ನಡೆದ ಹೆರಿಟೇಜ್ ಅಧ್ಯಯನದಲ್ಲಿ ನೂರಾರು ಜನರಿಗೆ 20 ವಾರ ಒಂದೇ ಬಗೆಯ ಸೈಕಲ್ ವ್ಯಾಯಾಮ ಕೊಟ್ಟರು. ದೇಹ ನಿಮಿಷಕ್ಕೆ ಬಳಸಬಲ್ಲ ಆಮ್ಲಜನಕ ಸರಾಸರಿ ಸುಮಾರು 400 ಮಿಲಿಲೀಟರ್ ಹೆಚ್ಚಿತು. ಆದರೆ ಕೆಲವರಲ್ಲಿ ಏನೂ ಬದಲಾಗಲಿಲ್ಲ, ಕೆಲವರಲ್ಲಿ ಒಂದು ಲೀಟರಿನಷ್ಟು ಏರಿತು. ಈ ವ್ಯತ್ಯಾಸದಲ್ಲಿ ಒಂದು ಪಾಲು ಅಳತೆಯ ಏರುಪೇರು ಎಂಬ ವಾದವೂ ಇದೆ, ಇರಲಿ. ನನಗೆ ಮುಖ್ಯವಾದದ್ದು 2017ರಲ್ಲಿ ಮಾಂಟೆರೊ ಮತ್ತು ಲುಂಡ್‌ಬಿ ಪ್ರಕಟಿಸಿದ ಪ್ರಯೋಗ. ವಾರಕ್ಕೆ ಒಂದರಿಂದ ಮೂರು ಸಲ ವ್ಯಾಯಾಮ ಮಾಡಿದವರಲ್ಲಿ ಕೆಲವರು ಸುಧಾರಿಸಲಿಲ್ಲ. ಅವರಿಗೆ ಮತ್ತೆ ಆರು ವಾರ, ವಾರಕ್ಕೆ ಎರಡು ಸಲ ಹೆಚ್ಚು ವ್ಯಾಯಾಮ ಕೊಟ್ಟಾಗ ಒಬ್ಬರೂ ಬಿಡದಂತೆ ಎಲ್ಲರೂ ಸುಧಾರಿಸಿದರು.

ಅಂದರೆ 'ಇವನ ಕೈಲಿ ಆಗಲ್ಲ' ಎಂದು ನಾವು ಮೈದಾನದಿಂದ ಹೊರಗೆ ಕಳಿಸಿದ ಮಕ್ಕಳಲ್ಲಿ ಎಷ್ಟೋ ಮಂದಿಗೆ ಕೊಟ್ಟ ಪ್ರಮಾಣ ಸರಿಯಿರಲಿಲ್ಲ, ಅಷ್ಟೆ.

ನಮ್ಮ ಶಾಲಾ ಕ್ರೀಡಾಕೂಟಗಳು ಇದಕ್ಕೆ ನೇರ ವಿರುದ್ಧ ದಿಕ್ಕಿನಲ್ಲಿ ಓಡುತ್ತಿವೆ. ಜೂನ್‌ನಲ್ಲಿ ಶಾಲೆ ಶುರು, ಮಳೆ ನಿಲ್ಲುವ ಮೊದಲೇ ಹೋಬಳಿ ಮಟ್ಟದ ಕೂಟ. ಒಂದೆರಡು ದಿನ ಓಡಿಸಿ, ಮುಂದೆ ಬಂದವರ ಹೆಸರು ಬರೆದುಕೊಂಡು ಕಳಿಸುವುದು. ಹುಡುಗಿಯರು ಸಾಮಾನ್ಯವಾಗಿ 12ರ ಆಸುಪಾಸಿನಲ್ಲಿ, ಹುಡುಗರು 14ರ ಆಸುಪಾಸಿನಲ್ಲಿ ಅತಿ ವೇಗವಾಗಿ ಉದ್ದವಾಗುತ್ತಾರೆ. ಆದರೆ ಇದು ಸರಾಸರಿ. ಎಂಟನೇ ಕ್ಲಾಸಿನ ಓಟದ ಸಾಲಿನಲ್ಲಿ ನಿಂತ ಇಬ್ಬರು ಹುಡುಗರ ಹುಟ್ಟಿದ ದಿನ ಒಂದೇ ಇದ್ದರೂ ದೇಹದ ಬೆಳವಣಿಗೆಯಲ್ಲಿ ಮೂರ್ನಾಲ್ಕು ವರ್ಷದ ಅಂತರ ಇರಬಹುದು. ಮೀಸೆ ಚಿಗುರಿದವನು ಗೆಲ್ಲುತ್ತಾನೆ, ತಾಲ್ಲೂಕಿಗೆ ಹೋಗುತ್ತಾನೆ, ಕ್ರೀಡಾ ವಸತಿ ಶಾಲೆಗೂ ಸೇರುತ್ತಾನೆ. ಇನ್ನೊಬ್ಬನಿಗೆ ಆಟ ಅಲ್ಲಿಗೆ ಮುಗಿಯಿತು. ಎರಡು ವರ್ಷ ಕಳೆದು ಅವನು ಬೆಳೆದಾಗ ನೋಡುವವರಿಲ್ಲ. ಗೆದ್ದವನ ಗತಿಯೂ ಸುಖದ್ದಲ್ಲ. ಬೇಗ ಬೆಳೆದದ್ದೇ ಅವನ ಬಂಡವಾಳ. ಉಳಿದವರು ಸರಿಸಮ ಬಂದಾಗ, 'ಮೊದಲಿನ ಹಾಗೆ ಓಡಲ್ಲ, ಸೋಮಾರಿ ಆಗಿದ್ದಾನೆ' ಎಂಬ ಬೈಗುಳ.

ಒಂದು ಚೋದ್ಯ ನೋಡಿ. ವಯಸ್ಸಿನ ವಂಚನೆ ಹಿಡಿಯಲು ನಮ್ಮ ಕ್ರಿಕೆಟ್ ಮಂಡಳಿ 16ರೊಳಗಿನ ಆಟಗಾರರ ಎಡಗೈ ಮಣಿಕಟ್ಟಿನ ಎಕ್ಸ್-ರೇ ತೆಗೆಸುತ್ತದೆ. ಟಿಡಬ್ಲ್ಯೂ3 ಎಂಬ ವಿಧಾನದಲ್ಲಿ ಮೂಳೆಯ ವಯಸ್ಸು ಲೆಕ್ಕ ಹಾಕುತ್ತದೆ. ಮೂಳೆಯ ವಯಸ್ಸು ಬೇರೆ, ಸರ್ಟಿಫಿಕೇಟಿನ ವಯಸ್ಸು ಬೇರೆ ಎಂದು ಇವರಿಗೆ ಗೊತ್ತು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಕ್ಲಬ್ಬುಗಳ ಅಕಾಡೆಮಿಗಳು ಇದೇ ತಿಳಿವಳಿಕೆಯಿಂದ ಬೆಳವಣಿಗೆಯ ಮಟ್ಟ ನೋಡಿ ಮಕ್ಕಳನ್ನು ಗುಂಪು ಮಾಡಿ ಆಡಿಸಿ ನೋಡಿದವು. ಇಲ್ಲಿ ಆ ಜ್ಞಾನ ಪೊಲೀಸ್ ಕೆಲಸಕ್ಕೆ ಸಿಕ್ಕಷ್ಟು ಸುಲಭವಾಗಿ ಮೇಷ್ಟ್ರ ಕೆಲಸಕ್ಕೆ ಸಿಗುವುದಿಲ್ಲ.

ನೂರಿನ್ನೂರು ಮಕ್ಕಳಿಗೆ ಒಬ್ಬ ದೈಹಿಕ ಶಿಕ್ಷಕ, ಅವರಿಗೂ ಬಿಸಿಯೂಟದ ಲೆಕ್ಕ, ಚುನಾವಣೆ ಡ್ಯೂಟಿ. ಇನ್ನು ಒಬ್ಬೊಬ್ಬರಿಗೂ ಬೇರೆ ತಾಲೀಮು ಎಲ್ಲಿಂದ ಬರಬೇಕು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಉತ್ತರಕ್ಕೆ ಸೆನ್ಸರ್ ಬೇಡ. ಗೋಡೆಯ ಮೇಲೆ ಅಳತೆ ಪಟ್ಟಿ ಬರೆದು ಮೂರು ತಿಂಗಳಿಗೊಮ್ಮೆ ಎತ್ತರ ಗುರುತು ಮಾಡಿದರೆ ಯಾರು ದಿಢೀರ್ ಬೆಳೆಯುತ್ತಿದ್ದಾರೆ ಎಂದು ಗೊತ್ತಾಗುತ್ತದೆ. ಆ ಹೊತ್ತಿನಲ್ಲಿ ಮಂಡಿ ಕೆಳಗೆ ನೋವು ಎನ್ನುವ ಮಗು ನಾಟಕ ಆಡುತ್ತಿರುವುದಿಲ್ಲ. ಅದಕ್ಕೆ ಜಿಗಿತ ಕಡಿಮೆ ಮಾಡಿಸಬೇಕು. ಅಮೆರಿಕದ ಕಾರ್ಲ್ ಫಾಸ್ಟರ್ ಜನಪ್ರಿಯಗೊಳಿಸಿದ ವಿಧಾನವೊಂದಿದೆ. ಆಟ ಮುಗಿದ ಮೇಲೆ 'ಇವತ್ತು ಎಷ್ಟು ಕಷ್ಟ ಆಯ್ತು, ಹತ್ತಕ್ಕೆ ಎಷ್ಟು?' ಎಂದು ಕೇಳುವುದು, ಬಂದ ಅಂಕಿಯನ್ನು ಆಡಿದ ನಿಮಿಷಗಳಿಂದ ಗುಣಿಸಿ ಬರೆದಿಡುವುದು. ದೊಡ್ಡ ತಂಡಗಳೂ ಇದನ್ನು ಬಳಸುತ್ತವೆ. ಬೇಕಾದದ್ದು ಒಂದು ನೋಟ್‌ಬುಕ್. ಮುಟ್ಟಿನ ದಿನಗಳಲ್ಲಿ ಹುಡುಗಿ ಸುಳ್ಳು ಹೇಳದೆ 'ಇವತ್ತು ಎಂಟು, ಮೇಷ್ಟ್ರೇ' ಎನ್ನಲು ಒಂದು ದಾರಿಯೂ ಆಯಿತು.

ದುಬಾರಿಯಾದದ್ದು ಬೇರೆ: ಆ ನೋಟ್‌ಬುಕ್ಕನ್ನು ವರ್ಷದಿಂದ ವರ್ಷಕ್ಕೆ ಓದುವ ಮನುಷ್ಯ. ಅದಕ್ಕೆ ಖಾಲಿ ಹುದ್ದೆ ತುಂಬಬೇಕು, ಆಟದ ಪೀರಿಯಡ್ಡನ್ನು ಗಣಿತದ ಸ್ಪೆಷಲ್ ಕ್ಲಾಸಿಗೆ ಬಿಟ್ಟುಕೊಡುವುದು ನಿಲ್ಲಬೇಕು. ಪಿಎಚ್.ಡಿ. ಮಾಡುವ ನಮಗೆ ಒಬ್ಬೊಬ್ಬರಿಗೂ ಗೈಡ್ ಇರುತ್ತಾರೆ, ಎಲ್ಲರೂ ಒಂದೇ ಪ್ರಬಂಧ ಬರೆಯಿರಿ ಎಂದು ಯಾವ ವಿಶ್ವವಿದ್ಯಾಲಯವೂ ಹೇಳುವುದಿಲ್ಲ, ಅದನ್ನು ಯಾರೂ ಶೋಕಿ ಎನ್ನುವುದೂ ಇಲ್ಲ. ಓಡುವ ಹುಡುಗಿಗೆ ಅಷ್ಟನ್ನೇ ಕೇಳಿದರೆ ಮಾತ್ರ ಬಜೆಟ್ಟಿನ ಮಾತು ಬರುತ್ತದೆ. ವೈರಲ್ ವಿಡಿಯೋ ನೋಡಿ ರೈಲಿನ ಟಿಕೆಟ್ ಕಳಿಸಲು ತಯಾರಿರುವ ಸರ್ಕಾರಕ್ಕೆ, ಈ ವರ್ಷ ಹೋಬಳಿ ಕೂಟದಲ್ಲಿ ಕೊನೆಗೆ ಬಂದ ಹುಡುಗನ ಎತ್ತರ ಮುಂದಿನ ವರ್ಷ ಎಷ್ಟಾಯಿತು ಎಂದು ಕೇಳಲು ಒಬ್ಬ ನೌಕರನೂ ಇಲ್ಲ.