ಲಿವರ್ ಆಪರೇಷನ್ ಆಯ್ತು, ಮುಂದ?

ಕರುಳಿನ ಕ್ಯಾನ್ಸರ್ ಲಿವರ್‌ಗೆ ಹಬ್ಬಿದೆ ಎಂದರೆ ರಾಯಚೂರು ಜಿಲ್ಲೆಯ ಮಾನ್ವಿ, ದೇವದುರ್ಗದ ಕಡೆ ಈಗಲೂ ಆಸೆ ಬಿಟ್ಟುಬಿಡುತ್ತಾರೆ. ಬಿಡಬೇಕಿಲ್ಲ. ಕರುಳಿನ ರಕ್ತ ಮೊದಲು ಹೋಗುವುದೇ ಲಿವರ್‌ಗೆ. ಗಡ್ಡೆ ಅಲ್ಲಿಗಷ್ಟೇ ನಿಂತು, ಕತ್ತರಿಸಿ ತೆಗೆಯಲು ಬಂದರೆ ಕೆಲವರು ಪೂರ್ತಿ ಗುಣವಾಗುತ್ತಾರೆ. ಆದರೆ ಆಪರೇಷನ್ ಆದ ಅರ್ಧಕ್ಕಿಂತ ಹೆಚ್ಚು ಮಂದಿಗೆ ರೋಗ ಮರಳುತ್ತದೆ. ಅದಕ್ಕೇ ಮೇಲೆ ಕೀಮೊ.

ಎಷ್ಟು ಕೀಮೊ, ಯಾವುದರ ಜತೆ ಯಾವುದು ಎಂಬಲ್ಲಿ ತಜ್ಞರಲ್ಲೇ ಒಮ್ಮತವಿಲ್ಲ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯವರು ಮಾಮೂಲಿ ಕೀಮೊ ಜತೆಗೆ ಪಂಪ್ ಇಟ್ಟು ನೇರ ಲಿವರಿನ ರಕ್ತನಾಳಕ್ಕೇ ಔಷಧ ಬಿಟ್ಟರು. 1999ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಎರಡು ವರ್ಷದ ನಂತರ ಬದುಕಿದ್ದವರು ಶೇ 86. ಬರೀ ಮಾಮೂಲಿ ಕೀಮೊ ಪಡೆದವರಲ್ಲಿ ಶೇ 72. ಜಪಾನಿನವರು 300 ರೋಗಿಗಳ ಮೇಲೆ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಕಥೆ ಬೇರೆ. ಆಪರೇಷನ್ ನಂತರ ಕೀಮೊ ಹಾಕಿಸಿಕೊಂಡವರಲ್ಲಿ ರೋಗ ಮರಳುವುದೇನೋ ಕಡಿಮೆಯಾಯಿತು, ಆಯುಷ್ಯ ಮಾತ್ರ ಹೆಚ್ಚಲಿಲ್ಲ. ಕೀಮೊ ಬೇಡ ಎಂದು ಇದರರ್ಥವಲ್ಲ. ‘ಇದರಿಂದ ನನಗೆಷ್ಟು ಲಾಭ ಆಗ್ತದ್ರಿ?’ ಎಂದು ಕೇಳುವ ಹಕ್ಕು ರೋಗಿಗಿದೆ, ಅಷ್ಟೇ.

ಲಾಭದ ಜತೆ ನಷ್ಟವನ್ನೂ ಕೇಳಬೇಕು. ಈ ಕೀಮೊದ ಮುಖ್ಯ ಔಷಧ ಆಕ್ಸಾಲಿಪ್ಲಾಟಿನ್ ಬೆರಳುಗಳಿಗೆ ಜೋಮು ಹಿಡಿಸುತ್ತದೆ. ಕೆಲವರಿಗೆ ಅದು ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿಯುತ್ತದೆ. ಕಚೇರಿಯಲ್ಲಿ ಕೂರುವವರು ಹೇಗೋ ಸುಧಾರಿಸಿಕೊಂಡಾರು. ದೇವದುರ್ಗದಲ್ಲಿ ಹತ್ತಿ ಬಿಡಿಸುವ ಹೆಣ್ಣುಮಗಳಿಗೆ ಬೆರಳೇ ಅನ್ನ. ತಣ್ಣೀರು ಮುಟ್ಟಿದರೆ ಜುಮ್ಮೆನ್ನುತ್ತದೆ, ಕುಡಿದರೆ ಗಂಟಲು ಹಿಡಿದಂತಾಗುತ್ತದೆ. ಮೇ ತಿಂಗಳ ರಾಯಚೂರಿನಲ್ಲಿ ಹರವಿ ನೀರು ಕುಡಿಯಬೇಡಿ ಎನ್ನುವ ಡಾಕ್ಟರಿಗೆ ನಮ್ಮ ಬಿಸಿಲು ಗೊತ್ತಿರಲಿಕ್ಕಿಲ್ಲ.

ಇನ್ನು ಓಡಾಟ. ಫೋಲ್‌ಫಾಕ್ಸ್ ಎಂಬ ಕ್ರಮದಲ್ಲಿ ಎರಡು ವಾರಕ್ಕೊಮ್ಮೆ, 46 ಗಂಟೆ ಔಷಧ ಹರಿಯಬೇಕು. ಆರು ತಿಂಗಳಿಗೆ 12 ಸಲ. ಕೇಪಾಕ್ಸ್‌ನಲ್ಲಿ ಮೂರು ವಾರಕ್ಕೊಮ್ಮೆ ಎರಡು ತಾಸಿನ ಡ್ರಿಪ್, ಉಳಿದದ್ದು ಮನೆಯಲ್ಲೇ ನುಂಗುವ ಗುಳಿಗೆ. ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿದು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಆಯುಷ್ಮಾನ್ ಕಾರ್ಡ್ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಕೊಡಿಸುತ್ತದೆ, ಸರಿ. ಜತೆಗೆ ಹೋದ ಮಗನ ಕೂಲಿ ಕೊಡುವುದಿಲ್ಲ.

ಏಮ್ಸ್‌ಗಾಗಿ 2022ರ ಮೇ ತಿಂಗಳಲ್ಲಿ ರಾಯಚೂರಿನಲ್ಲಿ ಶುರುವಾದ ಧರಣಿಗೆ ನನ್ನ ಬೆಂಬಲವಿದೆ. ಆದರೆ ಎರಡು ತಾಸಿನ ಡ್ರಿಪ್‌ಗೆ ಏಮ್ಸ್ ಬೇಕಿಲ್ಲ. ಮೂರು ವರ್ಷದೊಳಗೆ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಡೇ ಕೇರ್ ಕ್ಯಾನ್ಸರ್ ಕೇಂದ್ರ ಎಂದು 2025ರ ಕೇಂದ್ರ ಬಜೆಟ್ಟೇ ಹೇಳಿದೆ. ಬೆಂಗಳೂರಿನ ತಜ್ಞರು ಬರೆದುಕೊಟ್ಟದ್ದನ್ನು ತರಬೇತಾದ ನರ್ಸ್, ಡಾಕ್ಟರ್ ಇದ್ದರೆ ರಾಯಚೂರಿನ ರಿಮ್ಸ್ ಆಸ್ಪತ್ರೆಯಲ್ಲೇ ಹಾಕಬಹುದು. ರೋಗ ಮರಳಿದೆಯೇ ಎಂದು ನೋಡಲು ಮೂರು ತಿಂಗಳಿಗೊಮ್ಮೆ ಮಾಡಿಸುವ ಸಿಇಎ ರಕ್ತಪರೀಕ್ಷೆಯೂ ಇಲ್ಲಿಯೇ ಆಗಲಿ. ಮರಳಿದ ಗಡ್ಡೆ ಬೇಗ ಸಿಕ್ಕರೆ ಕೆಲವರಿಗೆ ಎರಡನೇ ಆಪರೇಷನ್ ಸಾಧ್ಯ. ಸದ್ಯಕ್ಕೆ, ಡಿಸ್ಚಾರ್ಜ್ ಚೀಟಿಯಲ್ಲಿ ಔಷಧದ ಹೆಸರು, ಪ್ರಮಾಣ, ಮುಂದಿನ ಸಿಇಎ ತಾರೀಕು ಇಷ್ಟನ್ನಾದರೂ ಕನ್ನಡದಲ್ಲಿ ಬರೆಸಿಕೊಂಡೇ ಊರಿಗೆ ಬನ್ನಿ.