ವಜ್ರಮುಷ್ಟಿಯ ಜಟ್ಟಿಗಳು

ಕಾವೇರೀತೀರದ ರುದ್ರಪಟ್ಟಣವು ಸಂಗೀತಗಾರರ ತವರೂರೆಂಬುದು ವಾಚಕರಿಗೆ ತಿಳಿದೇ ಇದೆ. ವಿದ್ವಾನ್ ಆರ್. ಕೆ. ಶ್ರೀಕಂಠನ್ ಅವರು ೧೯೨೦ರಲ್ಲಿ ಜನಿಸಿದುದು ಅಲ್ಲಿಯೇ. ಅಂತಹ ಮನೆಗಳಲ್ಲಿ ಮಗುವಿನ ಕಿವಿಗೆ ಹಿರಿಯರ ಸ್ವರವು ಬೀಳುವಂತೆಯೇ, ಇದೇ ಮೈಸೂರು ಸೀಮೆಯ ಬೇರೆ ಕೆಲವು ಮನೆಗಳಲ್ಲಿ ಮಗುವಿನ ಮೈಗೆ ಗರಡಿಯ ಮಣ್ಣು ಹತ್ತುತ್ತಿದ್ದಿತು. ಅವು ಜಟ್ಟಿಗಳ ಮನೆಗಳು. ಅವರ ಕುಲವಿದ್ಯೆಯಾದ ವಜ್ರಮುಷ್ಟಿಯನ್ನು ಕುರಿತು ಈ ತಿಂಗಳು ನಾಲ್ಕು ಮಾತುಗಳನ್ನು ಬರೆಯುವೆವು.

ಅರಸರು ಮಲ್ಲರನ್ನು ಪೋಷಿಸುತ್ತಿದ್ದುದು ನಮ್ಮ ನಾಡಿನಲ್ಲಿ ಹೊಸತಲ್ಲ. ಹನ್ನೆರಡನೆಯ ಶತಮಾನದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಮಲ್ಲವಿನೋದವನ್ನು ವಿವರಿಸುವಾಗ ಅವರ ಆಹಾರ, ಅಭ್ಯಾಸಗಳನ್ನೂ ಬಿಟ್ಟಿಲ್ಲ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ವಿಲ್ಕ್ಸ್ ಎಂಬಾತನ ಇತಿಹಾಸಗ್ರಂಥವು ೧೮೧೦ರಿಂದ ೧೮೧೭ರ ವರೆಗೆ ಅಚ್ಚಾಯಿತು. ಜಟ್ಟಿಗಳ ಬಲಗೈಯ ಆಯುಧವು ಎಮ್ಮೆಯ ಕೊಂಬಿನಿಂದ ಮಾಡಿದುದೆಂದೂ, ಬೆರಳಿನ ಗೆಣ್ಣುಗಳಂತೆ ಅದಕ್ಕೆ ನಾಲ್ಕು ಚೂಪಾದ ಮೊನೆಗಳಿರುವುವೆಂದೂ ಆತನು ಬರೆದಿರುವನು. 

ಇಂದಿಗೂ ವಿಜಯದಶಮಿಯಂದು ಮೈಸೂರು ಅರಮನೆಯ ತೊಟ್ಟಿಯಲ್ಲಿ ಈ ಕಾಳಗವು ನಡೆಯುವುದು. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರಗಳ ಜಟ್ಟಿಗಳು ತಲೆ ಬೋಳಿಸಿಕೊಂಡು, ಲಂಗೋಟಿಯುಟ್ಟು, ಬಲಗೈಗೆ ವಜ್ರನಖವನ್ನು ಧರಿಸಿ, ಇಬ್ಬಿಬ್ಬರಾಗಿ ಎದುರುಬದುರು ನಿಲ್ಲುವರು. ಒಬ್ಬನ ತಲೆಯಿಂದ ರಕ್ತವು ಚಿಮ್ಮಿದೊಡನೆ ಹಿರಿಯರು ಬಿಡಿಸುವರು. ವರುಷವೆಲ್ಲ ಸಾಮು ಮಾಡಿದವನ ಕಾಳಗವು ಒಂದು ನಿಮಿಷದೊಳಗೇ ಮುಗಿದುಹೋಗುವುದುಂಟು!

ರಕ್ತವೆಂದೊಡನೆ ನಮ್ಮ ಸೋದರಿಯರು ಮುಖ ತಿರುಗಿಸುವುದು ಸಹಜವೇ. ಆದರೆ ೧೮೬೭ರ ಕ್ವೀನ್ಸ್‌ಬೆರಿ ನಿಯಮಗಳಂತೆ ಕೈಗೆ ಮೆತ್ತನೆಯ ಚೀಲ ತೊಟ್ಟು ಆಡುವ ಬಾಕ್ಸಿಂಗಿನಲ್ಲಿ ರಕ್ತವು ಕಡಮೆ ಕಂಡರೂ, ತಲೆಗೆ ಬೀಳುವ ಪೆಟ್ಟುಗಳಿಗೆ ಲೆಕ್ಕವಿಲ್ಲ. ವರ್ಷಗಟ್ಟಲೆ ಹೀಗೆ ಪೆಟ್ಟು ತಿಂದವರಲ್ಲಿ ನಡೆ ತೊಡರಿ, ಬುದ್ಧಿ ಮಂಕಾಗುವುದನ್ನು ಮಾರ್ಟ್‌ಲ್ಯಾಂಡ್ ಎಂಬ ಅಮೆರಿಕದ ವೈದ್ಯನು ೧೯೨೮ರಲ್ಲಿಯೇ ತಿಳಿಸಿದನು. ಹೊರಗೆ ಕಾಣುವ ಗಾಯವೇ ಹೆಚ್ಚು ಕ್ರೂರವೆಂದು ನಾವು ಹೇಳಲಾರೆವು.

ಜಟ್ಟಿಯ ನಿಜವಾದ ಕಷ್ಟವು ಗಾಯವಲ್ಲ, ಜೀವನೋಪಾಯ. ಬಾಕ್ಸಿಂಗಿನಲ್ಲಿ ವಿಜೇಂದರ್ ಸಿಂಗರು ೨೦೦೮ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಕಂಚಿನ ಪದಕವನ್ನು ಗೆದ್ದು, ೨೦೧೫ರಲ್ಲಿ ಅದನ್ನೇ ವೃತ್ತಿಯಾಗಿ ಹಿಡಿದರು. ವಜ್ರಮುಷ್ಟಿಗೆ ಅಂತಹ ದಾರಿಯಿಲ್ಲ. ಅದರ ಅಖಾಡವು ತೆರೆಯುವುದು ದಸರೆಗೆ. ಹಿಂದೆ ಅರಮನೆಯೇ ಆಶ್ರಯವಾಗಿದ್ದಿತು. ಸಂಸ್ಥಾನದ ಆಳ್ವಿಕೆಯು ಕೊನೆಗೊಂಡು, ೧೯೭೧ರಲ್ಲಿ ರಾಜಧನವೂ ರದ್ದಾದ ಮೇಲೆ ಆ ಆಶ್ರಯವು ಮೊದಲಿನಂತೆ ಉಳಿಯುವುದೆಂತು? ಹೀಗಿರುವಾಗ ಮಗನನ್ನು ಗರಡಿಗೆ ಕಳುಹಿಸುವ ತಂದೆಯು ಅವನಿಗೆ ಬೇರೊಂದು ಕೆಲಸವನ್ನೂ ಕಲಿಸಲೇಬೇಕು. ಗರಡಿಯೇ ಸಾಕು, ಓದು ಬೇಡವೆನ್ನುವ ಧೈರ್ಯವು ಯಾವ ತಾಯಿಗೆ ಬಂದೀತು?

ಕಾಳಗವು ಮುಗಿದ ಮೇಲೆ ರಾಜಮನೆತನದವರು ಬನ್ನಿಪೂಜೆಗೆ ಹೊರಡುವರು. ಜಟ್ಟಿಗಳು ತಲೆಯ ಗಾಯಕ್ಕೆ ಔಷಧವನ್ನು ಹಚ್ಚಿಸಿಕೊಂಡು ತಮ್ಮ ತಮ್ಮ ಊರುಗಳಿಗೆ ಹಿಂದಿರುಗುವರು.